ಯಾರೂ ಕೇಳದ ಬಾಗಿಲು

ಆಯುಧಪೂಜೆಯ ಮಧ್ಯಾಹ್ನ ಊರೆಲ್ಲ ಹಬ್ಬದೂಟ ಮುಗಿಸಿ ಕಾಲು ಚಾಚಿದ್ದ ಹೊತ್ತಿಗೆ ಕುಮಾರಸ್ವಾಮಿಯವರ ಕಂಪನಿಯ ಸರ್ವರುಗಳಿಗೆ ಬಾಗಿಲುಗಳೇ ಇಲ್ಲದಂತಾಯಿತು.

ಸರ್ವರುಗಳು ಕೆಟ್ಟಿರಲಿಲ್ಲ. ಒಳಗಿನ ಮಾಹಿತಿಯೂ ಅಳಿಸಿರಲಿಲ್ಲ. ಒಳಗೆ ಹೋಗುವ ದಾರಿ ಮಾತ್ರ ಇರಲಿಲ್ಲ! ಮೈಸೂರು, ನಂಜನಗೂಡು, ಹುಣಸೂರು — ಎಲ್ಲ ಕಡೆಯ ಡಯಾಲಿಸಿಸ್ ಕೇಂದ್ರಗಳಲ್ಲಿ ನರ್ಸುಗಳು ಖಾಲಿ ಪರದೆ ನೋಡುತ್ತ ಕೂತರು. ಯಾವ ರೋಗಿಗೆ ಯಾವ ಔಷಧಿ, ಯಾರ ಸರದಿ ಯಾವಾಗ — ಎಲ್ಲ ವಿವರವೂ ಆ ಸರ್ವರುಗಳಲ್ಲೇ ಇತ್ತು. ಸೂಜಿ ಚುಚ್ಚಿಸಿಕೊಳ್ಳಲು ಬಂದ ರೋಗಿಗಳು ಸಂಜೆಯ ತನಕ ಕಾದರು. ದೇವರು ದೊಡ್ಡವನು, ಯಾರ ಪ್ರಾಣವೂ ಹೋಗಲಿಲ್ಲ.

ಮಾರನೆಯ ದಿನ ನಮಗೆ ಫೋನು ಬಂತು. ವಿಜಯದಶಮಿ! ಇಡೀ ಮೈಸೂರು ಜಂಬೂ ಸವಾರಿ ನೋಡಲು ಅರಮನೆಯ ಕಡೆ ಓಡುತ್ತಿದ್ದರೆ ನಾವಿಬ್ಬರು ಹೂಟಗಳ್ಳಿಯಲ್ಲಿದ್ದ ಆ ಕಂಪನಿಯ ಕಡೆ ಹೊರಟೆವು. ನನ್ನ ಹಣೆಬರಹವೇ ಅಷ್ಟು.

ನಾನು ಮರಿಯಯ್ಯ, ನಿವೃತ್ತ ದಫೇದಾರ. ವಿಜಯನಗರದಲ್ಲಿ ಪತ್ತೇದಾರಿ ಆಫೀಸು ಇಟ್ಟಿರುವ ಚಾಮುಂಡೇಶ್ವರಿ ಮೇಡಂ ಅವರ ಸಹಾಯಕ. ಮೇಡಂ ಮೊದಲು ಸೈಬರ್ ಠಾಣೆಯಲ್ಲಿ ಸಬ್‌ಇನ್ಸ್‌ಪೆಕ್ಟರ್ ಆಗಿದ್ದವರು. ಕಂಪ್ಯೂಟರ್ ಅವರ ಪಾಲು, ಮುಖ ನೋಡಿ ಕಳ್ಳನನ್ನು ಹೇಳುವುದು ನನ್ನ ಪಾಲು. ಎಷ್ಟು ಸಲ ತಪ್ಪಿದ್ದೀರಿ ಎಂದು ಮಾತ್ರ ಕೇಳಬೇಡಿ.

"ಮಾಡಿದ್ದು ಯಾರು ಅಂತ ಗೊತ್ತಾಗಿದೆ ಮೇಡಂ," ಎಂದರು ಕುಮಾರಸ್ವಾಮಿ, ನಾವು ಕೂರುವ ಮೊದಲೇ. "ಸಂಜೆ ಐದಕ್ಕೆ ಠಾಣೆಗೆ ಹೋಗ್ತೀನಿ. ಸಾಕ್ಷಿ ಗಟ್ಟಿ ಮಾಡ್ಕೊಳ್ಳಿ ಅಂದ್ರು ವಕೀಲರು. ಅದಕ್ಕೇ ನಿಮ್ಮನ್ನ ಕರೆಸಿದ್ದು."

"ಯಾರು ಮಾಡಿದ್ದು?"

"ಸುಷ್ಮಿತಾ. ನಮ್ಮ ಇಂಜಿನಿಯರ್. ನಿನ್ನೆನೇ ಎಲ್ಲ ಸೆಂಟರಿಗೂ ಮೆಸೇಜ್ ಹಾಕ್ಬುಟ್ಟೆ — ಸುಷ್ಮಿತಾ ಅನ್ನೋಳು ಬೇಕಂತಲೇ ಮಾಡಿದಾಳೆ, ಕೆಲಸದಿಂದ ತೆಗೀತಾ ಇದೀವಿ ಅಂತ."

"ವಿಚಾರಣೆಗೆ ಮುಂಚೇನೇ?"

"ಮತ್ತಿನ್ನೇನ್ ಮಾಡ್ಲಿ ಮೇಡಂ? ಒಬ್ಬರಾದ ಮೇಲೊಬ್ಬರು ಫೋನ್ ಮಾಡಿ ಉಗೀತಿದ್ರು!"

ಮೂಲೆಯ ಕುರ್ಚಿಯಲ್ಲಿ ಒಬ್ಬಳು ಹುಡುಗಿ ಕೂತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು. ಅವಳೇ ಸುಷ್ಮಿತಾ, ಕೆಸರೆಯವಳು.

"ಮೇಡಂ, ಡಯಾಲಿಸಿಸ್ ನಿಲ್ಸಿದೋಳು ಅಂತ ಹೆಸರು ಬಂದ್ಮೇಲೆ ನನಗೆ ಯಾರು ಕೆಲಸ ಕೊಡ್ತಾರೆ?" ಎಂದಳು. "ಬೆಳಿಗ್ಗೆ ಪಕ್ಕದ ಮನೆಯವರು ನಮ್ಮಮ್ಮನ್ನ ಕೇಳಿದ್ರಂತೆ, ನಿಮ್ಮ ಮಗಳು ಯಾಕಮ್ಮ ಇಂಥ ಪಾಪ ಕಟ್ಕೊಂಡ್ಳು ಅಂತ."

ನೀರಿನ ಲೋಟ ಅವಳ ಕಡೆ ಸರಿಸಿದೆ. ಆದರೆ ಎಂಥೆಂಥ ಕಣ್ಣೀರನ್ನೋ ಕಂಡ ಪೊಲೀಸಿನವನು ನಾನು, ಸಮಾಧಾನ ಹೇಳಲು ಹೋಗಲಿಲ್ಲ.

"ಮೇಡಂ, ಈ ಬಾಗಿಲು ಗೀಗಿಲು ಏನು ಅಂತ ನನಗೊಂಚೂರು ಹೇಳಿ," ಎಂದು ಪಿಸುಗುಟ್ಟಿದೆ.

"ಸರ್ವರ್ ಒಂದು ಮನೆ ಅಂದ್ಕೊಳ್ಳಿ ಮರಿಯಯ್ಯನವರೇ. ಸುತ್ತ ಗೋಡೆ, ಅದೇ ಫೈರ್‌ವಾಲ್. ಯಾರನ್ನ ಒಳಗೆ ಬಿಡ್ಬೇಕು ಅಂತ ಒಬ್ಬೊಬ್ಬರಿಗೂ ಒಂದೊಂದು ನಿಯಮ ಬರೆದಿಟ್ಟಿರ್ತಾರೆ. ನಿಯಮ ತೆಗೆದ್ರೆ ಅವರ ಬಾಗಿಲು ಹೋಯ್ತು. ನಿನ್ನೆ ಕೋಡ್ ಓಡಿಸಿ ಎಲ್ಲ ನಿಯಮಾನೂ ಒಂದೇ ಏಟಿಗೆ ತೆಗೆದಿದಾರೆ."

ಕುಮಾರಸ್ವಾಮಿ ಬೆರಳು ಮಡಿಸಿದರು. "ಕೋಡ್ ಬರೆದಿದ್ದು ಅವಳು. ಓಡಿದ್ದು ಅವಳ ಕೀಲಿಯಿಂದ, ಪಾಸ್‌ವರ್ಡ್ ಇದ್ದಂಗೆ ಅದು. ಆ ಕೀಲಿ ಕಂಪನಿ ಲ್ಯಾಪ್‌ಟಾಪ್ ಬಿಟ್ಟು ಬೇರೆ ಎಲ್ಲೂ ಕೆಲಸ ಮಾಡಲ್ಲ. ನಿನ್ನೆ ನಂದು, ಲೋಕೇಶ್‌ದು, ಮನೋಹರ್‌ದು — ಮೂರೂ ಲ್ಯಾಪ್‌ಟಾಪ್ ಪೂಜೆಗಿಟ್ಟು ಬೀಗ ಹಾಕ್ಕೊಂಡು ಹೋಗಿದ್ವಿ. ಪೂಜೆಗಿಟ್ಟದ್ದನ್ನ ಕದಲಿಸೋ ತನಕ ಯಾರೂ ಮುಟ್ಟಲ್ಲ ನೋಡಿ! ಹೊರಗಿದ್ದಿದ್ದು ಇವಳದೊಂದೇ."

"ನೀನು ಯಾಕಮ್ಮ ಪೂಜೆಗೆ ಇಡಲಿಲ್ಲ?"

"ನಮ್ಮಜ್ಜಿ ತೀರ್ಕೊಂಡು ಸೂತಕ ಇತ್ತು ಮೇಡಂ. ಪೂಜೆಗೆ ಹೆಂಗ್ ಬರ್ಲಿ? ಲ್ಯಾಪ್‌ಟಾಪ್ ಮನೇಲೇ ಇತ್ತು. ಬ್ಯಾಗಿಂದ ಹೊರಗೂ ತೆಗೆದಿರಲಿಲ್ಲ."

"ಕೋಡ್ ಯಾಕೆ ಬರೆದೆ?"

"ಬೇಡದ ಬಾಗಿಲು ತೆಗೆಯೋಕೆ. ಕೆಲಸ ಬಿಟ್ಟು ಹೋದವರದು, ಹಳೇ ಆಸ್ಪತ್ರೆದು — ಅಂಥವು ಹಂಗೇ ತೆರೆದಿರ್ತವೆ, ಅಪಾಯ. ಬೇಡದ್ದನ್ನ ಮಾತ್ರ ತೆಗಿ ಅನ್ನೋ ಸಾಲು ಕೋಡಲ್ಲಿ ಇತ್ತು. ಯಾರೋ ಆ ಸಾಲನ್ನೇ ಕಿತ್ತಾಕಿ ಓಡಿಸಿದಾರೆ."

"ಅಂಥ ಬಾಗಿಲು ಯಾವುದಾದ್ರೂ ಸಿಕ್ಕಿತ್ತಾ?"

"ಒಂದು ಸಿಕ್ಕಿತ್ತು. ಹೊರಗಿನವರು ಯಾರೋ ರೋಗಿಗಳ ವಿವರಕ್ಕೇ ನೇರವಾಗಿ ಬರೋ ದಾರಿ. ಯಾರದು ಅಂತ ಲೋಕೇಶ್ ಸರ್‌ನೂ ಕೇಳ್ದೆ, ಮನೋಹರ್ ಸರ್‌ನೂ ಕೇಳ್ದೆ. ಯಾವುದೋ ಸೆಂಟರ್‌ದಿರ್ಬೇಕು, ಹಬ್ಬ ಕಳೀಲಿ ನೋಡೋಣ ಅಂದ್ರು ಇಬ್ಬರೂ."

ಲೋಕೇಶ್ ಸರ್ವರ್ ವಿಭಾಗದ ಮುಖ್ಯಸ್ಥ. ಹಿಂದಿನ ಸಂಜೆಯೆಲ್ಲ ಕೂತು ಬಾಗಿಲುಗಳನ್ನು ಮತ್ತೆ ತೆರೆದವನು ಅವನೇ. ನಿದ್ದೆಗೆಟ್ಟ ಮುಖ, ಆದರೂ ಎದ್ದು ನಿಂತು ಕೈಮುಗಿದ. ಸಂಸ್ಕಾರವಂತ ಎಂದುಕೊಂಡೆ.

"ಅವಳ ಮೇಲೆ ದೂರು ಹೇಳೋಕೆ ನನಗೆ ಮನಸ್ಸಿಲ್ಲ ಮೇಡಂ. ಚಿಕ್ಕ ಹುಡುಗಿ, ಏನೋ ಎಡವಟ್ಟು ಮಾಡ್ಕೊಂಡಿದಾಳೆ. ಆದ್ರೆ ಸಾಕ್ಷಿ ಸುಳ್ಳು ಹೇಳುತ್ತಾ?"

"ಅವಳ ಕೀಲಿಯ ನಕಲು ಬೇರೆ ಯಾರ ಹತ್ರ ಇರುತ್ತೆ?"

"ಸರ್ ಹತ್ರ, ನನ್ನ ಹತ್ರ, ಮನೋಹರ್ ಹತ್ರ. ಆದ್ರೆ ನಮ್ಮ ಲ್ಯಾಪ್‌ಟಾಪ್‌ಗಳು ಪೂಜೇಲಿದ್ವಲ್ಲ!"

ಅದೇ ವಿಭಾಗದ ಹಿರಿಯ ಇಂಜಿನಿಯರ್ ಮನೋಹರ್ ಬಂದವನೇ ಧಡಕ್ಕನೆ ಕುರ್ಚಿ ಎಳೆದು ಕೂತ. ಬಡ್ತಿ ಸಿಗಲಿಲ್ಲವೆಂದು ಕಳೆದ ತಿಂಗಳು ಕುಮಾರಸ್ವಾಮಿಯವರ ಜೊತೆ ಜಗಳವಾಡಿದ್ದನಂತೆ.

"ಹೌದು, ಜಗಳ ಆಡ್ದೆ. ಅದಕ್ಕೆ ರೋಗಿಗಳ ಜೀವದ ಜೊತೆ ಆಟ ಆಡ್ತೀನಾ? ಏನ್ ಮಾತಾಡ್ತೀರಿ ಮೇಡಂ!"

ಇವನೇ! ಸಂಶಯವೇ ಇಲ್ಲ, ಇವನೇ. ಮೇಡಂಗೆ ಕಣ್ಸನ್ನೆ ಮಾಡಿದೆ. ಅವರು ನೋಡಿಯೂ ನೋಡದಂತಿದ್ದರು.

"ನಿಮ್ಮ ಮೂವರ ಲ್ಯಾಪ್‌ಟಾಪ್ ತೋರಿಸಿ," ಎಂದರು.

ಮೂರನ್ನೂ ಮೇಜಿನ ಮೇಲಿಟ್ಟರು. ಒಂದೇ ಮಾದರಿ, ಒಂದೇ ಕಪ್ಪು ಬಣ್ಣ. ಮೂರರ ಮೇಲೂ ಕುಂಕುಮದ ಬೊಟ್ಟು. ಮೇಡಂ ಒಂದೊಂದನ್ನೇ ಕಣ್ಣ ಹತ್ತಿರ ಹಿಡಿದು ನೋಡಿ, ಒಂದರ ಬೊಟ್ಟನ್ನು ಉಗುರಿನಿಂದ ಮುಟ್ಟಿ ಕೆಳಗಿಟ್ಟರು.

"ಕಂಪನಿಯ ಹಳೇ ಲ್ಯಾಪ್‌ಟಾಪ್‌ಗಳು ಎಲ್ಲಿವೆ?"

ಮನೋಹರ್ ನಕ್ಕ. "ಅವೆಲ್ಲ ಸತ್ತು ಗುಜರಿ ಸೇರಿವೆ ಮೇಡಂ. ಆನ್ ಕೂಡ ಆಗಲ್ಲ."

ಆದರೂ ಹೋಗಿ ನೋಡಿದೆವು. ಸ್ಟೋರ್ ರೂಮಿನ ಬೀರುವಿನಲ್ಲಿ ಅದೇ ಮಾದರಿಯ ಹಳೆಯವು ಒಂದರ ಮೇಲೊಂದು ಬಿದ್ದಿದ್ದವು. ಧೂಳು, ಜೇಡರ ಬಲೆ. ಮೇಲಿನದೊಂದರ ಮೇಲೆ ಕುಂಕುಮವಿತ್ತು. ಹಬ್ಬದ ಆಫೀಸು, ಇರದೆ ಏನು? ನಾನು ಸೀನುತ್ತ ಹೊರಗೆ ಬಂದೆ.

ಹಜಾರದಲ್ಲಿ ಬೋರಮ್ಮ ಪೂಜೆಯ ಹೂವು ಬಳಿಯುತ್ತಿದ್ದರು. ಆಫೀಸಿನ ಕಸ, ಕಾಫಿ, ದೇವರ ದೀಪ — ಎಲ್ಲವೂ ಅವರದೇ.

"ಪೂಜೆ ಮಾಡಿದ್ದು ನೀವೇನಾ ಬೋರಮ್ಮ?"

"ಊಂ ಕಣವ್ವ. ಗಂಧ ತೇದು ಬೊಟ್ಟಿಟ್ಟು, ಅದರ ಮ್ಯಾಲೆ ಕುಂಕ್ಮ. ನಮ್ಮತ್ತೆ ಕಾಲ್ದಿಂದ್ಲೂ ಅಂಗೇ. ಬರೀ ಕುಂಕ್ಮ ಇಟ್ರೆ ಉದುರೋಯ್ತದೆ."

"ನಿನ್ನೆ ಗಲಾಟೆ ಆದ್ಮೇಲೆ?"

"ಯಜಮಾನ್ರು ಮನೇಗೇ ಕಾರು ಕಳಿಸ್ಬುಟ್ರು. ಬಂದು ಕದಲಿಸ್ದೆ. ಆಮ್ಯಾಕೆ ಅವರವರದ್ನ ಅವರವರೇ ಎತ್ಕೊಂಡೋದ್ರು."

ಅಷ್ಟು ಹೊತ್ತಿಗೆ ಕುಮಾರಸ್ವಾಮಿ ಕಾರಿನ ಕೀಲಿ ಕೈಗೆತ್ತಿಕೊಂಡಿದ್ದರು. "ಹೊತ್ತಾಯ್ತು ಮೇಡಂ, ನಾನು ಠಾಣೆಗೆ ಹೊರಟೆ."

ಸುಷ್ಮಿತಾ ಎದ್ದು ನಿಂತಳು.

"ಒಂದ್ನಿಮಿಷ ಕೂತ್ಕೊಳ್ಳಿ," ಎಂದರು ಮೇಡಂ. "ನಿನ್ನೆ ನಿಮಗೆ ಫೋನ್ ಮಾಡಿ ಉಗಿದವರು ಯಾರ್ಯಾರು?"

"ಎಲ್ಲರೂ! ಒಂದು ಸೆಂಟರ್ ಬಿಟ್ಟಿಲ್ಲ."

"ಸುಷ್ಮಿತಾ, ನೀನು ಕೇಳಿದ್ಯಲ್ಲ, ಯಾರದೋ ಗೊತ್ತಿಲ್ಲದ ಬಾಗಿಲು — ಅದು ಈಗ ಇದೆಯಾ ನೋಡು."

ಅವಳು ಮನೋಹರನ ಲ್ಯಾಪ್‌ಟಾಪ್ ಎಳೆದುಕೊಂಡು ಕೂತಳು.

"ಇಲ್ಲ ಮೇಡಂ. ಬೇರೆಯವೆಲ್ಲ ವಾಪಸ್ ಬಂದಿವೆ. ಅದೊಂದು ಬಂದಿಲ್ಲ."

"ಆತುರದಲ್ಲಿ ಬಿಟ್ಟು ಹೋಗಿರಬಹುದು," ಎಂದ ಲೋಕೇಶ್. "ಅಷ್ಟೊಂದರಲ್ಲಿ ಒಂದು —"

"ಬಿಟ್ಟು ಹೋಗಿದ್ರೆ ಆ ಬಾಗಿಲಿನವರು ಈ ಹೊತ್ತಿಗೆ ಬಾಯಿ ಬಡ್ಕೋಬೇಕಿತ್ತಲ್ಲ? ನಿನ್ನೆ ಎಲ್ಲರೂ ಕೂಗಿದ್ರು ಲೋಕೇಶ್. ಆ ಒಂದು ಬಾಗಿಲಿನವನು ಮಾತ್ರ ಇವತ್ತಿನವರೆಗೂ ಈ ಆಫೀಸಿಗೆ ಫೋನ್ ಮಾಡಿಲ್ಲ. ಯಾಕೆ? ಯಾಕಂದ್ರೆ ಅವನು ಆಸ್ಪತ್ರೆಯವನಲ್ಲ, ಕಳ್ಳದಾರೀಲಿ ಬಂದು ರೋಗಿಗಳ ವಿವರ ಹೊತ್ಕೊಂಡು ಹೋಗ್ತಿದ್ದವನು. ಅವನನ್ನ ಒಳಗೆ ಬಿಟ್ಟವರು ಈ ಕಂಪನಿಯವರೇ. ಹಬ್ಬ ಕಳೆದ ಮೇಲೆ ಸುಷ್ಮಿತಾ ಕೋಡ್ ಓಡಿಸಿದ್ರೆ ಆ ಬಾಗಿಲು ಬಯಲಾಗ್ತಿತ್ತು. ತಾವೇ ಅದೊಂದನ್ನ ತೆಗೆದಿದ್ರೆ? ಇದ್ದಿದ್ದು ಎಲ್ಲಿ ಹೋಯ್ತು ಅಂತ ಅವಳು ಕೇಳ್ತಿದ್ಳು. ಅದಕ್ಕೆ ಎಲ್ಲಾನೂ ತೆಗೆದ್ರು. ಗದ್ದಲದಲ್ಲಿ ಒಂದು ಕಳೆದುಹೋದ್ರೆ ಕೇಳೋರು ಯಾರು? ಕೇಳಬೇಕಾದವಳು ಜೈಲಲ್ಲಿ ಇರ್ತಾಳೆ!"

"ಮೇಡಂ!" ಲೋಕೇಶನ ದನಿ ಏರಿತು. "ನನ್ನ ಲ್ಯಾಪ್‌ಟಾಪ್ ಪೂಜೇಲಿತ್ತು. ಸರ್ ಕಣ್ಣಾರೆ ನೋಡಿದಾರೆ."

"ನಿಮ್ಮದರ ಹಾಗೇ ಇರೋ ಒಂದು ಲ್ಯಾಪ್‌ಟಾಪ್ ಇತ್ತು. ಮರಿಯಯ್ಯನವರೇ, ಬೀರುವಲ್ಲಿ ಮೇಲಿರೋದನ್ನ ತನ್ನಿ. ಬೋರಮ್ಮ, ನೀವೂ ಬನ್ನಿ."

ತಂದಿಟ್ಟೆ. ಈಗ ಮೇಜಿನ ಮೇಲೆ ನಾಲ್ಕು ಲ್ಯಾಪ್‌ಟಾಪ್, ನಾಲ್ಕರ ಮೇಲೂ ಕುಂಕುಮ.

"ಬೋರಮ್ಮ, ನಿನ್ನೆ ಎಷ್ಟು ಲ್ಯಾಪ್‌ಟಾಪಿಗೆ ಪೂಜೆ ಮಾಡಿದ್ರಿ?"

"ಮೂರ್ಕೇಯ ಕಣವ್ವ! ಈ ನಾಕ್ನೇದು ಎಲ್ಲಿಂದ ಬಂತು?"

ಅದನ್ನು ಕಣ್ಣಾರೆ ನೋಡಿಯೂ ಸೀನಿಕೊಂಡು ಬಂದವನು ನಾನು. ನನ್ನ ದಫೇದಾರಿಕೆಗೆ ಬೆಂಕಿ ಬಿತ್ತು!

ಮೇಡಂ ಉಗುರಿನಿಂದ ಮೆಲ್ಲಗೆ ಕೆರೆದರು. ಕುಮಾರಸ್ವಾಮಿಯವರದು — ಕುಂಕುಮದ ಕೆಳಗೆ ಗಂಧ. ಮನೋಹರನದು — ಗಂಧ. ಗುಜರಿಯದು — ಅದರಲ್ಲೂ ಒಣಗಿದ ಗಂಧ. ಕೊನೆಯದಾಗಿ ಲೋಕೇಶನದು. ಬರೀ ಕುಂಕುಮ, ಪುಡಿಪುಡಿಯಾಗಿ ಉದುರಿತು.

"ಸತ್ತ ಲ್ಯಾಪ್‌ಟಾಪನ್ನ ಪೂಜೆಗಿಟ್ರಿ. ನಿಮ್ಮದು ನಿಮ್ಮ ಬ್ಯಾಗಲ್ಲೇ ಇತ್ತು. ಮಧ್ಯಾಹ್ನ ಅದರಿಂದ, ಸುಷ್ಮಿತಾಳ ಕೀಲಿ ಬಳಸಿ ಕೋಡ್ ಓಡಿಸಿದ್ರಿ. ಸಂಜೆ ಎಲ್ಲರ ಜೊತೆ ಏನೂ ಅರಿಯದವರ ಹಾಗೆ ಬಂದು, ಸತ್ತದ್ದನ್ನ ಎತ್ಕೊಂಡು ಹೋಗಿ ಅದಲುಬದಲು ಮಾಡಿದ್ರಿ. ಬೊಟ್ಟಿಲ್ಲದಿದ್ರೆ ಯಾರಾದ್ರೂ ಕೇಳ್ತಾರಲ್ಲ? ತಟ್ಟೇಲಿ ಗಂಧ ಅಷ್ಟೊತ್ತಿಗೆ ಒಣಗಿತ್ತು. ನೀರು ಮುಟ್ಟಿಸಿ ಬರೀ ಕುಂಕುಮ ಇಟ್ರಿ. ಇಷ್ಟೆಲ್ಲ ಯೋಚನೆ ಮಾಡಿದವರು ಆ ಸತ್ತ ಲ್ಯಾಪ್‌ಟಾಪಿನ ಕುಂಕುಮ ಯಾಕೆ ಒರೆಸಲಿಲ್ಲ ಲೋಕೇಶ್? ಒದ್ದೆ ಬಟ್ಟೆ ಒಂದು ಸಾಕಿತ್ತು."

ಲೋಕೇಶ್ ಆ ಸತ್ತ ಲ್ಯಾಪ್‌ಟಾಪನ್ನು ತನ್ನತ್ತ ತಿರುಗಿಸಿಕೊಂಡ.

"ಪೂಜೆ ಮಾಡಿದ ಕುಂಕುಮ ಮೇಡಂ," ಎಂದ. "ಹಬ್ಬದ ದಿನ... ಒರೆಸೋಕೆ ಕೈ ಬರಲಿಲ್ಲ."

"ಥೂ ನಿನ್ನ!" ಎಂದುಬಿಟ್ಟೆ ನಾನು. "ಕುಂಕುಮ ಒರೆಸೋಕೆ ಕೈ ಬರಲಿಲ್ಲ, ಈ ಮಗೂನ ಜೈಲಿಗೆ ಕಳ್ಸೋಕೆ ಕೈ ಬಂತೇನೋ?"

ಮನೋಹರ್ ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತ. ಅವನ ಬಗ್ಗೆ ನಾನು ಅಂದುಕೊಂಡದ್ದಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಮೇಡಂ ಸೈಬರ್ ಠಾಣೆಯ ಹಳೆಯ ಸಹೋದ್ಯೋಗಿಗೆ ಫೋನು ಮಾಡಿದರು. ಜೀಪು ಬಂದು ಲೋಕೇಶನನ್ನೂ ಆ ನಾಲ್ಕು ಲ್ಯಾಪ್‌ಟಾಪುಗಳನ್ನೂ ಹೊತ್ತೊಯ್ದಿತು.

ಕುಮಾರಸ್ವಾಮಿ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. "ತಪ್ಪಾಯ್ತಮ್ಮ ಸುಷ್ಮಿತಾ. ಸೂತಕ ಕಳೆದ ಮೇಲೆ ಬಾ. ಲೋಕೇಶನ ಜಾಗ ನಿಂದೇ. ಸಂಬಳಾನೂ..."

"ಅದು ಆಮೇಲೆ ಸರ್," ಎಂದಳು ಅವಳು. "ಮೊದಲು ಸೆಂಟರ್‌ಗಳಿಗೆ ಹೇಳಿ."

"ಆಯ್ತಮ್ಮ, ಮೆಸೇಜ್ ಹಾಕ್ಬುಡ್ತೀನಿ."

"ಮೆಸೇಜ್ ಬೇಡ ಸರ್. ಒಬ್ಬೊಬ್ಬರಿಗೂ ಫೋನ್ ಮಾಡಿ. ನನ್ನೆದುರಿಗೇ ಮಾಡಿ."

ಕುಮಾರಸ್ವಾಮಿ ಮೇಡಂ ಮುಖ ನೋಡಿದರು. ಮೇಡಂ ಕಾಫಿ ಲೋಟ ಎತ್ತಿಕೊಂಡು ಕಿಟಕಿಯ ಕಡೆ ತಿರುಗಿದರು. ಕುಮಾರಸ್ವಾಮಿ ಈಗ ನನ್ನ ಮುಖ ನೋಡಿದರು. ನಾನು ದಫೇದಾರನ ಮುಖ ಮಾಡಿಕೊಂಡು ನಿಂತೆ.

ಅವರು ಫೋನು ತೆಗೆದರು. "ಡಾಕ್ಟ್ರೇ, ನಮಸ್ಕಾರ. ಕುಮಾರಸ್ವಾಮಿ. ನಿನ್ನೆ ವಿಷ್ಯ... ಅದು ನಮ್ಮ ಆ ಹುಡುಗಿ ಮಾಡಿದ್ದಲ್ಲ, ನಮ್ಮಲ್ಲೇ ಬೇರೆ ಒಬ್ರು..."

"ಸರ್." ಅವಳು ನಡುವೆಯೇ ತಡೆದಳು. "ಆ ಹುಡುಗಿ ಅಲ್ಲ. ಕೆಟ್ಟದ್ದು ಹೇಳುವಾಗ ಹೆಸರು ಬರೆದ್ರಲ್ಲ? ಈಗಲೂ ಹೆಸರು ಹೇಳಿ."

ಅವರು ಫೋನನ್ನು ಮತ್ತೆ ಕಿವಿಗಿಟ್ಟರು.

"ಸುಷ್ಮಿತಾ ಡಾಕ್ಟ್ರೇ. ಸುಷ್ಮಿತಾ ಏನೂ ತಪ್ಪು ಮಾಡಿಲ್ಲ. ತಪ್ಪು ಹೇಳಿದ್ದು ನಾನು."

ಅವಳು ತಲೆಯಾಡಿಸಿ, ಮುಂದಿನ ಸೆಂಟರಿನ ನಂಬರು ಹೇಳಿದಳು.