ಪುಟ್ಟಿ ಹಚ್ಚಿದ ಪಕ್ಕೆಲುಬು

"ಕಾಲು ಹಿಡಿದು ಎಳಿಯೋ ಅವನನ್ನ!"

ಕೆಳಗಿನಿಂದ ಹಡಗುಕಟ್ಟೆಯ ಮ್ಯಾನೇಜರ್ ಪೌಡರ್ ಅರಚಿದ.

ಎಳೆಯುವುದಕ್ಕೆ ಮೊದಲು ನನ್ನ ಕಾಲು ಸಿಗಬೇಕಲ್ಲ! ಅದು ಆಗ ಅರ್ಧ ಕಟ್ಟಿದ ಹಡಗಿನ ಹೊಟ್ಟೆಯೊಳಗೆ, ಗೋಡೆಗೆ ಬೆಸೆದ ಅಂಗೈಯಗಲದ ಉಕ್ಕಿನ ಬ್ರ್ಯಾಕೆಟ್ಟಿನ ಮೇಲೆ ನಿಂತಿತ್ತು. ಬೆನ್ನ ಹಿಂದೆ ಹಡಗಿನ ಗೋಡೆ. ಕೆಳಗೆ, ಬಹಳ ಕೆಳಗೆ, ಬರಿಯ ಕಬ್ಬಿಣದ ನೆಲ. ಬಿದ್ದರೆ ಎತ್ತುವ ಪ್ರಶ್ನೆಯೇ ಇಲ್ಲ... ಗುಡಿಸಬೇಕು, ಅಷ್ಟೇ!

ಏಣಿಯ ತುದಿಯಲ್ಲಿ ಗೂಳಿ ಕಾಣಿಸಿಕೊಂಡ. ಪೌಡರ್ ಸಾಕಿಕೊಂಡ ಆಳು. ಕುತ್ತಿಗೆಯೆಂಬುದನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ. ಅದರ ಬದಲು ಎರಡಾಳಿನ ಭುಜ ಕೊಟ್ಟಿದ್ದರು.

"ಬಂದುಬಿಡು ಗುರು," ಎಂದ ಏದುಸಿರು ಬಿಡುತ್ತ. "ಓಡಿಸಿ ಓಡಿಸಿ ಸುಸ್ತು ಮಾಡ್ಬಿಟ್ಟೆ."

ಬಣ್ಣದ ಶೆಡ್ಡಿನಿಂದ ಶುರುವಾದ ಓಟವದು. ಡಬ್ಬಗಳನ್ನು ಉರುಳಿಸಿ, ಕ್ರೇನಿನ ಕೊಕ್ಕೆಯಡಿ ತೂರಿ, ಹಲಗೆ ಮೆಟ್ಟಿಲೇರಿ ಈ ಹಡಗಿನೊಳಗೆ ಬಂದು ಬಿದ್ದಿದ್ದೆ. ಸಿಕ್ಕಿಬಿದ್ದಿದ್ದೆ ಎನ್ನಿ!

ನಾನು ಪತ್ತೇದಾರ. ಗಂಡ ಎಲ್ಲಿ ಹೋದ, ಪಾಲುದಾರ ಎಲ್ಲಿ ಓಡಿದ ಎಂದು ಹುಡುಕಿಕೊಡುವುದು ನನ್ನ ಕಸುಬು. ಹಡಗು ನನ್ನ ವ್ಯವಹಾರವಲ್ಲ. ಆದರೆ ಅಕ್ಕ ನನ್ನ ವ್ಯವಹಾರ.

ಅಕ್ಕ ಹಡಗಿನ ಚೌಕಟ್ಟುಗಳನ್ನು ವಿನ್ಯಾಸ ಮಾಡುವವಳು. ಅವಳು ಗೆರೆ ಎಳೆದ ಮೊದಲ ದೋಣಿ, ಜನ ತುಂಬಿದ ಫೆರಿ, ಮಧ್ಯ ನೀರಿನಲ್ಲಿ ಪಕ್ಕೆಲುಬು ಮುರಿದುಕೊಂಡಿತ್ತು. ಪುಣ್ಯಕ್ಕೆ ಎಲ್ಲರನ್ನೂ ಎತ್ತಿಕೊಂಡರು. ಡಿಸೈನ್ ತಪ್ಪು ಎಂದು ಅದನ್ನು ಕಟ್ಟಿಸಿದ ಪೌಡರ್ ಬಾಯಿ ಬಡಿದುಕೊಂಡ. ಇಂದಿನ ತಪಾಸಣೆಯಲ್ಲಿ ಅದೇ ಮಾತು ನಿಂತರೆ ಅಕ್ಕನಿಗೆ ಜೈಲು. ಅವಳದೇ ನಕ್ಷೆಯ ಈ ಎರಡನೆಯ ಫೆರಿ ಮುಂದಿನ ವಾರ ನೀರಿಗೆ!

ಬೆಳಿಗ್ಗೆ ಅಡುಗೆಮನೆಯಲ್ಲಿ ಅಕ್ಕ ಒಂದು ಲೋಟವನ್ನು ಓರೆ ಮಾಡಿ ಹಿಡಿದಿದ್ದಳು.

"ಇದರ ಮೂಲೇಲಿ ನೀರು ನಿಂತಿದೆ ನೋಡು. ಹಡಗಲ್ಲಿ ಹೀಗೆ ನಿಂತ್ರೆ ಉಕ್ಕನ್ನ ಒಳಗಿಂದ್ಲೇ ತಿನ್ನುತ್ತೆ. ಅದಕ್ಕೇ ಮೂಲೆ ಮೂಲೆಗೂ ನೀರು ಹರಿಯೋ ತೂತು ಬರೆದಿದ್ದೀನಿ. ಚೂಪು ಅಂಚಲ್ಲಿ ಬಣ್ಣ ನಿಲ್ಲಲ್ಲ, ಅಂಚು ದುಂಡಗೆ ಉಜ್ಜಿ ಅಂದಿದ್ದೀನಿ. ಬ್ರ್ಯಾಕೆಟ್ ಸುತ್ತ ಎಲ್ಲೂ ಸಂದಿ ಬಿಡದೆ ವೆಲ್ಡ್ ಮಾಡಿ ಅಂದಿದ್ದೀನಿ. ಸಂದಿ ಬಿಟ್ರೆ ಬಲಾನೂ ಹೋಯ್ತು, ಉಪ್ಪುನೀರಿಗೆ ಬಾಗಿಲೂ ತೆಗೆದ ಹಾಗಾಯ್ತು."

"ಅವರು ಮಾಡಿಲ್ವಾ?"

"ನೋಡೋಕೆ ಎಲ್ಲಾ ಮಾಡಿದ ಹಾಗೇ ಇದೆ ಕಣೋ. ಅದೇ ನನ್ನ ಕರ್ಮ!"

ಫ್ರಿಜ್ಜಿನ ಮೇಲಿದ್ದ ಬಾತುಕೋಳಿಯನ್ನು ಕಿತ್ತು ದಾರ ಕಟ್ಟಿ ನನ್ನ ಕೈಗಿಟ್ಟಳು. ಬೆನ್ನಿಗೆ ಆಯಸ್ಕಾಂತದ ಗುಂಡಿಯಿದ್ದ ಪ್ಲಾಸ್ಟಿಕ್ ಬಾತು.

"ಬೆಸುಗೆಗೆ ಇಟ್ಟು ನೋಡು. ಉಕ್ಕಾದ್ರೆ ಕಚ್ಚುತ್ತೆ. ಮರೀದೆ ವಾಪಸ್ ತಾ."

ನಗಬೇಡಿ. ಪಿಸ್ತೂಲು ಹಿಡಿದು ಹೋದವರಿಗೆ ಕೊಡದ ಉತ್ತರವನ್ನು ಆ ಹಡಗು ಬಾತುಕೋಳಿಗೆ ಕೊಟ್ಟಿತು! ಕೆಲವು ಬ್ರ್ಯಾಕೆಟ್ಟುಗಳ ಬೆಸುಗೆಗೆ ಅದು ಗಟ್ಟಿಯಾಗಿ ಕಚ್ಚಿತು. ಬಹಳಷ್ಟಕ್ಕೆ ಮುಟ್ಟಿಸಿದೊಡನೆ ಜಾರಿತು. ದಪ್ಪಗೆ, ನುಣ್ಣಗೆ, ಚೆಂದವಾಗಿ ಕಾಣುತ್ತಿದ್ದದ್ದು ಬೆಸುಗೆಯೇ ಅಲ್ಲ. ಪುಟ್ಟಿ! ಗೋಡೆಯ ಬಿರುಕಿಗೆ ಮೆತ್ತುವಂತೆ ಮೆತ್ತಿ, ಮೇಲೆ ಬೂದು ಬಣ್ಣ ಬಳಿದಿದ್ದರು. ಆ ಪುಟ್ಟಿಯ ಡಬ್ಬ ಹುಡುಕಿಕೊಂಡು ಬಣ್ಣದ ಶೆಡ್ಡಿಗೆ ಹೋದಾಗಲೇ ನಾನು ಪೌಡರಿನ ಕಣ್ಣಿಗೆ ಬಿದ್ದದ್ದು.

ಅಚ್ಚರಿಯೇನಿದೆ? ಯಾರ್ಡಿನ ಈ ಮ್ಯಾನೇಜರಿಗೆ ಪೌಡರ್ ಎಂಬ ಹೆಸರು ಸುಮ್ಮನೆ ಬಂದಿರಲಿಲ್ಲ. ಮೀಟಿಂಗಿಗೆ ಮೊದಲು ಮುಖಕ್ಕೆ ಒಂದು ಪದರ ಬಳಿಯದೆ ಅವನು ಹೊರಬರುತ್ತಿರಲಿಲ್ಲ. ಮುಖಕ್ಕೆ ಮಾಡಿದ್ದನ್ನೇ ಹಡಗಿಗೂ ಮಾಡಿದ್ದ, ಪುಣ್ಯಾತ್ಮ!

"ಏನೋ ನೋಡ್ತಿದ್ದೀಯ ಗೂಳಿ? ತಳ್ಳೋ!" ಪೌಡರ್ ಕೂಗಿದ. "ಕಳ್ಳತನಕ್ಕೆ ಬಂದ, ಕಾಲು ಜಾರಿ ಬಿದ್ದ ಅಂತ ನಾನು ಹೇಳ್ಕೋತೀನಿ."

ಗೂಳಿ ಕಾಲೆತ್ತಿದ. ನಮ್ಮಿಬ್ಬರ ನಡುವೆ ಒಂದೇ ಒಂದು ಬ್ರ್ಯಾಕೆಟ್. ನಾನು ಅದನ್ನು ಮೆಟ್ಟದೆ ಹಾರಿ ಬಂದಿದ್ದೆ.

"ಅಣ್ಣಾ... ನಿಲ್ಲು! ಅದು ಪುಟ್ಟಿ!"

"ಏಯ್, ಸುಮ್ನಿರು. ನಮ್ಮನೆ ಮಹಡಿ ಮೆಟ್ಟಿಲನ್ನ ಇದೇ ಯಾರ್ಡಲ್ಲಿ ವೆಲ್ಡ್ ಮಾಡಿಸಿಕೊಟ್ಟ ದೇವರು ನಮ್ ಸಾರು. ಅವರನ್ನ ಬಿಟ್ಟು ನಿನ್ನ ನಂಬ್ಲಾ?"

"ನನ್ನ ನಂಬಬೇಡ. ಬಾತುಕೋಳೀನ ನಂಬು!"

ಎಸೆದೆ. ಹಿಡಿದ. ಹುಬ್ಬು ಗಂಟಿಕ್ಕಿ ಅದನ್ನೂ ನನ್ನನ್ನೂ ನೋಡಿದ.

"ಬೆನ್ನಲ್ಲಿ ಆಯಸ್ಕಾಂತ ಇದೆ. ಏಣಿ ಕಟ್ಟಿರೋ ಫ್ರೇಮಿಗೆ ಇಡು."

ಟಕ್! ಕಚ್ಚಿತು.

"ಈಗ ನೀನು ಕಾಲಿಡೋ ಕಡೆ, ಆ ದಪ್ಪ ಬೆಸುಗೆಗೆ ಇಡು."

ಇಟ್ಟ. ಬಾತುಕೋಳಿ ಜಾರಿ ದಾರದ ತುದಿಯಲ್ಲಿ ನೇತಾಡಿತು. ಮತ್ತೆ ಇಟ್ಟ. ಮತ್ತೆ ಜಾರಿತು. ಎತ್ತಿದ್ದ ಕಾಲು ಮೆಲ್ಲಗೆ ಏಣಿಗೆ ಮರಳಿತು.

"ಸಾರ್..." ಗೂಳಿಯ ದನಿ ಇಳಿದಿತ್ತು. "ಇದು ಕಚ್ಚುತ್ತಿಲ್ಲ ಸಾರ್."

"ಆಟದ ಸಾಮಾನು ಇಟ್ಕೊಂಡು ಏನೋ ನಿಂದು? ಹೆಜ್ಜೆ ಹಾಕೋ! ಏನೂ ಆಗಲ್ಲ!"

"ಏನೂ ಆಗಲ್ವಾ?"

"ಆನೆ ನಿಂತ್ರೂ ಆಗಲ್ಲ!"

"ಹಾಗಾದ್ರೆ ನೀವೇ ಒಂದು ಸಲ ನಿಂತು ತೋರಿಸ್ತೀರಾ ಸಾರ್?"

ಪೌಡರ್ ಒಂದು ಹೆಜ್ಜೆ ಹಿಂದೆ ಸರಿದ.

ಆಗ ನೆತ್ತಿಯ ಮೇಲಿನಿಂದ ಒಂದು ಹೆಣ್ಣುದನಿ ತಣ್ಣಗೆ ಇಳಿಯಿತು.

"ಒಳ್ಳೇ ಪ್ರಶ್ನೆ. ನಿಂತು ತೋರಿಸಿ ಮ್ಯಾನೇಜರ್."

ತಲೆಯೆತ್ತಿದೆ. ಡೆಕ್ಕಿನ ಬಾಯಲ್ಲಿ ಹೆಲ್ಮೆಟ್ ಧರಿಸಿದ ತಪಾಸಣಾಧಿಕಾರಿ. ಅವರ ಹಿಂದೆ ಬಿಳಿಚಿಕೊಂಡ ಮುಖದ ಅಕ್ಕ. ಖಾಲಿ ಹಡಗು ಗುಡಾಣವಿದ್ದಂತೆ. ನಮ್ಮ ಕೂಗಾಟವನ್ನೆಲ್ಲ ಗುಂಯ್‌ಗುಡಿಸಿ ಡೆಕ್ಕಿಗೆ ತಲುಪಿಸಿತ್ತು. ನಾನೂ ಗಂಟಲು ಹರಿದುಕೊಂಡದ್ದು ಅದಕ್ಕೇ!

"ಮೇಡಂ! ನೀವು... ಇಷ್ಟು ಬೇಗ..." ಪೌಡರ್ ಹಲ್ಲು ಕಿರಿದ. "ನನಗೆ ಎತ್ತರ ಅಂದ್ರೆ ತಲೆ ಸುತ್ತು, ಮೇಡಂ."

"ಜನ ಕೂರೋ ಹಡಗು ಕಟ್ಟುವಾಗ ಸುತ್ತಲಿಲ್ವಾ?"

ಅವನ ಹಣೆಯಿಂದ ಬೆವರಿಳಿಯಿತು. ಪೌಡರಿನ ನಡುವೆ ಕಂದು ಬಣ್ಣದ ಗೆರೆಗಳು ಮೂಡಿದವು. ಒಳಗಿನ ಬಣ್ಣ ಕೊನೆಗೂ ಕಾಣಿಸಿತು.

"ನೀವು ಏಣಿ ಮೇಲಿರೋರು," ಎಂದರು ಅಧಿಕಾರಿ. "ಅದನ್ನ ಕೆರೀರಿ."

ಗೂಳಿ ಜೇಬಿನಿಂದ ಚಾಕು ತೆಗೆದ. ನನಗೆಂದು ತಂದಿದ್ದ ಚಾಕು! ಬೆಸುಗೆಗೆ ತುದಿ ಊರಿ ಮೀಟಿದ. ಪುಟ್ಟಿ ಒಂದೇ ಉದ್ದನೆಯ ಹೆಕ್ಕಳಿಕೆಯಾಗಿ ಕಳಚಿತು. ಒಳಗೆ ಒದ್ದೆ ತುಕ್ಕು. ಬ್ರ್ಯಾಕೆಟ್ಟಿನ ಎರಡು ತುದಿಗೆ ಎರಡು ಬೊಟ್ಟು ವೆಲ್ಡಿಂಗ್. ನಡುವೆ ಗಾಳಿ. ಅಕ್ಕ ಬರೆದ ತೂತನ್ನೂ ಪುಟ್ಟಿಯಿಂದಲೇ ಮುಚ್ಚಿದ್ದರು.

ಗೂಳಿ ಚಾಕುವಿನ ಹಿಡಿಯ ಹಿಂಬದಿಯಿಂದ ಬ್ರ್ಯಾಕೆಟ್ಟನ್ನು ಗುದ್ದಿದ. ಎರಡನೆಯ ಗುದ್ದಿಗೇ ಅದು ಕಳಚಿ ಬಿತ್ತು! ಪೌಡರ್ ಎಗರಿ ಪಕ್ಕಕ್ಕೆ ಸರಿದ. ಅವನು ನಿಂತಿದ್ದ ಜಾಗದಲ್ಲೇ ನೆಲ ಢಣಾರನೆ ಮೊಳಗಿತು.

"ನಿಮ್ಮ ಡಿಸೈನ್ ನೋಡೋಕೆ ಇನ್ನೇನೂ ಉಳಿದಿಲ್ಲ," ಎಂದರು ಅಧಿಕಾರಿ ಅಕ್ಕನಿಗೆ. "ಇವರು ಅದನ್ನ ಕಟ್ಟೇ ಇಲ್ವಲ್ಲ!"

ಪೌಡರ್ ಬಾಗಿಲಿಗೆ ಓಡಿದ. ಏಣಿಯಿಂದ ಸರಸರನೆ ಜಾರಿ ಇಳಿದ ಗೂಳಿ ಅವನ ಕಾಲರ್ ಹಿಡಿದು ಎತ್ತಿದ.

"ಸಾರ್... ನಮ್ಮನೆ ಮೆಟ್ಟಿಲು?"

ಪೌಡರ್ ಗಾಳಿಯಲ್ಲಿ ಕಾಲು ಬಡಿದ.

"ನನ್ನ ಹೆಂಡ್ತಿ ದಿನಾ ಅದನ್ನ ಹತ್ತಿ ಇಳೀತಾಳೆ, ಸಾರ್!"

ಪೌಡರ್ ಮುಖ ತಿರುಗಿಸಿಕೊಂಡ. ಅವನನ್ನು ಕೂಗಾಟ ಕೇಳಿ ಓಡಿ ಬಂದ ಯಾರ್ಡಿನ ಕಾವಲಿನವರ ಕೈಗೆ ಎಸೆದು ಗೂಳಿ ಗೇಟಿನತ್ತ ಓಡಿದ.

ಹಗ್ಗ ಬಿಟ್ಟು ನನ್ನನ್ನು ಡೆಕ್ಕಿಗೆ ಎಳೆದುಕೊಂಡರು. ಅಕ್ಕ ಅಪ್ಪಿಕೊಂಡಳು, ಅತ್ತಳು, ಬೆನ್ನಿಗೆ ಗುದ್ದಿದಳು. ಆಮೇಲೆ ಕೈ ಚಾಚಿದಳು.

"ನನ್ನ ಬಾತುಕೋಳಿ ಎಲ್ಲೋ?"

"ಗೂಳಿ ಮನೆ ಮೆಟ್ಟಿಲು ನೋಡೋಕೆ ಹೋಗಿದೆ," ಎಂದೆ. "ಆ ಮೆಟ್ಟಿಲಿಗೂ ಅದು ಕಚ್ಚದಿದ್ರೆ, ಪೌಡರ್‌ಗೆ ಜೈಲೇ ಸುರಕ್ಷಿತ."