ನೂರಿಪ್ಪತ್ತು–ಎಂಬತ್ತು

"ಅಳತೆ ತಪ್ಪಾಗಿದೆ. ಮತ್ತೆ ಅಳೆಯಿರಿ" ಎಂದಿತು ಗೋಡೆಯ ಮೇಲಿನ ಸಮತಾಯಂತ್ರ.

ಹೊನಗಟ್ಟಿ ಸರ್ಕಾರಿ ಆಸ್ಪತ್ರೆಯ ಹಿರಿಯ ನರ್ಸ್ ಮಹಾನಂದಾ ಮೂರನೆಯ ಸಲ ಅಳೆದಳು. ತುಂಬುಗರ್ಭಿಣಿ ಸಾಬಮ್ಮನ ರಕ್ತದೊತ್ತಡ ನೂರೆಂಬತ್ತು–ನೂರಿಪ್ಪತ್ತು. ಆಗಲೇ ಒಮ್ಮೆ ಫಿಟ್ಸ್ ಬಂದಿತ್ತು. ಇನ್ನೊಮ್ಮೆ ಬಂದರೆ ತಾಯಿಯೂ ಉಳಿಯುವುದಿಲ್ಲ, ಮಗುವೂ ಉಳಿಯುವುದಿಲ್ಲ.

ರಾಜ್ಯದ ಸರ್ಕಾರಿ ಆಸ್ಪತ್ರೆಗಳನ್ನೆಲ್ಲ ಒಂದೇ ಜಾಲಕ್ಕೆ ಪೋಣಿಸಿದ ಯಂತ್ರವದು. ರಾಜಧಾನಿಯ ತಜ್ಞರು ಕುಳಿತಲ್ಲಿಂದಲೇ ಅದರ ಯಾಂತ್ರಿಕ ಕೈಗಳ ಮೂಲಕ ಇಲ್ಲಿ ಶಸ್ತ್ರಚಿಕಿತ್ಸೆ ಮಾಡಬಹುದಿತ್ತು. ಆದರೆ ಯಾರಿಗೆ ಮೊದಲು ಎಂಬುದನ್ನು ಯಂತ್ರವೇ ಆಯಾ ಆಸ್ಪತ್ರೆಯ ಹಳೆಯ ದಾಖಲೆ ಓದಿ ನಿರ್ಧರಿಸುತ್ತಿತ್ತು.

ಮಹಾನಂದಾ ಅದನ್ನು ರೂಪಿಸಿದ ವಿಜ್ಞಾನಿ ಅಹಲ್ಯಾಗೆ ಕರೆ ಮಾಡಿದಳು. "ಮೇಡಂ, ನಿಮ್ಮ ಮಷಿನ್ ಈಕಿನ್ನ ಕೊಲ್ಲಾಕತ್ತೈತ್ರೀ!"

ಪರದೆಯ ಮೇಲೆ ಅಹಲ್ಯಾ ದಾಖಲೆ ತೆರೆದರು. "ಹನ್ನೊಂದು ವರ್ಷದಲ್ಲಿ ನಿಮ್ಮಲ್ಲಿ ಒಬ್ಬರ ಒತ್ತಡವೂ ನೂರಿಪ್ಪತ್ತು–ಎಂಬತ್ತು ದಾಟಿಲ್ಲ, ಸಿಸ್ಟರ್. ಅದಕ್ಕೇ ಯಂತ್ರ ಇದನ್ನು ನಂಬ್ತಿಲ್ಲ. ಬರೆದವರೇ ತಿದ್ದಬೇಕು. ನನ್ನ ಕೈಲೂ ಆಗಲ್ಲ."

ಬಿಪಿ ಉಪಕರಣ ಕೆಟ್ಟು ಹನ್ನೊಂದು ವರ್ಷ. ಹೊಸದು ಬಂದದ್ದು ಹೋದ ವಾರ, ಈ ಯಂತ್ರದ ಜೊತೆಗೆ. ಅರ್ಜಿ ಬರೆದು ಬರೆದು ಸಾಕಾಗಿತ್ತು; ಕಾಗದದಲ್ಲಿ ಜಾಗ ಖಾಲಿ ಬಿಟ್ಟರೆ ತಪಾಸಣೆಗೆ ಬಂದವರು ಮುಖಕ್ಕೆ ಉಗಿಯುತ್ತಿದ್ದರು. ಹೀಗಾಗಿ ಡ್ಯೂಟಿಗೆ ಬಂದ ಕೂಡಲೇ ಎಲ್ಲ ಹಾಸಿಗೆಗಳಿಗೂ ಒಂದೇ ಅಂಕಿ ಬರೆದುಬಿಡುವುದು ಮಹಾನಂದಾಳಿಗೆ ರೂಢಿಯಾಗಿತ್ತು. ಒಪ್ಪಿಕೊಂಡರೆ ಕೆಲಸ ಹೋಗುವುದು ಖಂಡಿತ.

ಸಾಬಮ್ಮನ ಹಲ್ಲು ಕಚ್ಚಿಕೊಳ್ಳತೊಡಗಿತು.

"ನಾ ಬರ್ದಿದ್ದು ಸುಳ್ಳು!" ಮಹಾನಂದಾ ಯಂತ್ರದೆದುರು ಕಿರುಚಿದಳು. "ಅಳೀಲಾರ್ದನ ಬರ್ದೀನಿ!"

"ಎಷ್ಟು ದಾಖಲೆಗಳು?"

"ಎಲ್ಲಾ!"

ತುರ್ತುಚಿಕಿತ್ಸೆಯ ಕೆಂಪು ದೀಪ ಹತ್ತಿತು. ಯಾಂತ್ರಿಕ ಕೈಗಳು ಕೆಳಗಿಳಿದವು. ಮುಕ್ಕಾಲು ಗಂಟೆಯಲ್ಲಿ ಹೆಣ್ಣುಮಗುವಿನ ಅಳು ಕೇಳಿಸಿತು; ಸಾಬಮ್ಮನ ಉಸಿರು ಹಿಡಿತಕ್ಕೆ ಬಂತು. ಮಹಾನಂದಾ ಗೋಡೆಗೆ ಒರಗಿ ಅತ್ತುಬಿಟ್ಟಳು. ಕೆಲಸ ಹೋದರೆ ಹೋಗಲಿ ಎನಿಸಿತು.

ಯಂತ್ರ ಮತ್ತೆ ಮಾತಾಡಿತು. ದಾಖಲೆ ಸರಿಪಡಿಸುವುದು ಅದಕ್ಕೆ ವಹಿಸಿದ್ದ ಕೆಲಸ, ಬೇರೇನೂ ಅದಕ್ಕೆ ತಿಳಿಯದು.

"ಈ ಅವಧಿಯಲ್ಲಿ ಹದಿನೇಳು ಗರ್ಭಿಣಿ, ಬಾಣಂತಿಯರು ಇಲ್ಲಿ ತೀರಿಕೊಂಡಿದ್ದಾರೆ. ಅವರ ನಿಜವಾದ ಒತ್ತಡ ತಿಳಿಸಿ. ಒಂದು, ದ್ಯಾವಮ್ಮ, ವಯಸ್ಸು ಇಪ್ಪತ್ತೆರಡು."

ದ್ಯಾವಮ್ಮ ಹಸಿರು ಬಳೆ ತೊಟ್ಟು ಬಂದಿದ್ದಳು. ತಲೆನೋವು ಎಂದಿದ್ದಳು.

"ಅಹಲ್ಯಾ ಮೇಡಂ, ಇದನ್ನ ಬಂದ್ ಮಾಡ್ರೀ" ಎಂದಳು ಮಹಾನಂದಾ.

ಪರದೆಯ ಮೇಲೆ ಅಹಲ್ಯಾ ತಲೆ ತಗ್ಗಿಸಿದ್ದರು. ಅದನ್ನು ನಿಲ್ಲಿಸುವ ಗುಂಡಿಯನ್ನು ಅವರು ಇಟ್ಟಿರಲಿಲ್ಲ.

"ಗೊತ್ತಿಲ್ಲ" ಎಂದಳು ಮಹಾನಂದಾ. "ಅಳೀಲಿಲ್ಲ."

"ಎರಡು," ಎಂದಿತು ಯಂತ್ರ, "ಹುಸೇನ್‌ಬಿ, ವಯಸ್ಸು ಹತ್ತೊಂಬತ್ತು."