ಮಡಚಿದ ಟೇಪಿನ ತುದಿ

ದಿನಾಂಕ 11, ಬುಧವಾರ, ಬೆಳಿಗ್ಗೆ 10-15ಕ್ಕೆ ಸೋಪ್ ಫ್ಯಾಕ್ಟರಿಯ ಮಾಲೀಕರು ಠಾಣೆಯ ಮೆಟ್ಟಿಲು ಹತ್ತಿದರು. ಕೈಯಲ್ಲಿ ಎರಡು ಪುಟದ ದೂರಿತ್ತು, ಮುಖದಲ್ಲಿ ಇಪ್ಪತ್ತು ಪುಟದಷ್ಟು ಸಿಟ್ಟಿತ್ತು.

ಇನ್ಸ್‌ಪೆಕ್ಟರ್ ಸಾಹೇಬರು ಆವತ್ತು ಬಲು ಖುಷಿಯಲ್ಲಿದ್ದರು. ನಾಲ್ಕು ವರ್ಷ ಕುಂಟುಗಾಲಿನ ಕುರ್ಚಿಯಲ್ಲಿ ಕೂತು ಸೊಂಟ ಮುರಿದುಕೊಂಡ ಮೇಲೆ, ಬರೆದ ಏಳನೇ ಪತ್ರಕ್ಕೆ ಹೊಸ ಕುರ್ಚಿ ಬಂದಿತ್ತು. ಅದರಲ್ಲಿ ಹಾಯಾಗಿ ಒರಗಿ, ಯಾರ ಗೋಳನ್ನಾದರೂ ಕೇಳಲು ಅವರು ಸಿದ್ಧರಿದ್ದರು.

"ಪಿಎಲ್‌ಸಿಗೂ ಟಚ್ ಪ್ಯಾನೆಲ್ಲಿಗೂ ಮಧ್ಯೆ ಇರೋ ಕೇಬಲ್ ಕತ್ತರಿಸಿಬಿಟ್ಟಿದ್ದಾರೆ ಸಾರ್. ನಿನ್ನೆ ಮಧ್ಯಾಹ್ನ 3-40ಕ್ಕೆ" ಎಂದರು ಮಾಲೀಕರು.

ಸಾಹೇಬರಿಗೆ ಅರ್ಥವಾದದ್ದು ಕೇಬಲ್ ಮತ್ತು ಕತ್ತರಿ ಮಾತ್ರ. "ಟೆಸ್ಟರ್, ಬಾರಯ್ಯ ಇಲ್ಲಿ" ಎಂದು ಕೂಗಿದರು.

ಟೆಸ್ಟರ್ ಎಂದರೆ ಠಾಣೆಯ ಕಾನ್‌ಸ್ಟೇಬಲ್. ಪೊಲೀಸ್ ಸೇರುವ ಮೊದಲು ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಓದಿದವನು. ಈಗಲೂ ಜೇಬಿನಲ್ಲಿ ಪೆನ್ನಿನ ಪಕ್ಕ ಕರೆಂಟ್ ನೋಡುವ ಟೆಸ್ಟರ್ ಇಟ್ಟುಕೊಂಡೇ ಓಡಾಡುತ್ತಾನೆ. ಅವನು ಉತ್ಸಾಹದಿಂದ ವಿವರಿಸಿದ. "ಪಿಎಲ್‌ಸಿ ಅಂದ್ರೆ ಮೆಷಿನ್ನಿನ ಮಿದುಳು ಸಾರ್. ಪೆಟ್ಟಿಗೆ ಒಳಗೆ ಕೂತ್ಕೊಂಡು ಯಾವ ಮೋಟರ್ ಯಾವಾಗ ತಿರುಗಬೇಕು ಅಂತ ಹೇಳುತ್ತೆ. ಟಚ್ ಪ್ಯಾನೆಲ್ ಅದರ ಮುಖ. ನಾವು ಮುಖ ಮುಟ್ಟಿ ಹೇಳಿದ್ದು ಕೇಬಲ್ಲಲ್ಲಿ ಮಿದುಳಿಗೆ ಹೋಗುತ್ತೆ. ಎರಡೂ ಒಂದೇ ಭಾಷೆ, ಒಂದೇ ವೇಗದಲ್ಲಿ ಮಾತಾಡೋ ಹಾಗೆ ಹೊಂದಿಸಬೇಕು. ಇಲ್ಲಾಂದ್ರೆ ಮುಖ ತಿರುಗಿಸ್ಕೊಂಡು ಕೂತುಬಿಡ್ತವೆ."

"ನಾನೂ ನಮ್ಮನೆಯವಳೂ ಇದ್ದ ಹಾಗೆ. ಸರಿ, ಮುಂದೆ ಹೇಳಿ" ಎಂದರು ಸಾಹೇಬರು.

ಮಾಲೀಕರು ಹೇಳಿದ್ದಿಷ್ಟು. ಮೂರು ವಾರದ ಹಿಂದೆ ಪ್ಯಾಕಿಂಗ್ ಲೈನಿಗೆ ಟಚ್ ಪ್ಯಾನೆಲ್ ಹಾಕಿಸಿದ್ದರು. ಅದರ ಮಾರನೇ ದಿನದಿಂದ ದಿನಾ ಮಧ್ಯಾಹ್ನ ಪರದೆಯ ಮೇಲೆ 'ಸಂಪರ್ಕ ಇಲ್ಲ' ಎಂದು ಬರುವುದು, ಲೈನ್ ನಿಲ್ಲುವುದು. ಹತ್ತು ಹನ್ನೆರಡು ನಿಮಿಷಕ್ಕೆ ತಾನಾಗಿಯೇ ಸರಿಹೋಗುವುದು. ಪ್ಲಗ್ ಸಡಿಲ ಇರಬೇಕೆಂದು ಒಂಬತ್ತರ ಸಂಜೆ ಮಾಲೀಕರೇ ಅದರ ಮೇಲೆ ತಗಡಿನ ಡಬ್ಬಿ ಕೂರಿಸಿ ಬೀಗ ಹಾಕಿದರು. ಮರುದಿನವೇ ಕೇಬಲ್ಲನ್ನು ನಡುವೆ ಕತ್ತರಿಸಲಾಗಿತ್ತು.

"ಯಾರ ಮೇಲಾದ್ರೂ ಅನುಮಾನ ಇದೆಯಾ?"

"ಅನುಮಾನ ಯಾಕೆ ಸಾರ್, ಖಾತ್ರಿನೇ ಇದೆ. ಪ್ಯಾನೆಲ್ ಜೋಡಿಸಿದ ವೈರಿಂಗ್ ಮೇಷ್ಟ್ರು. ಎರಡನೇ ಲೈನಿನ ಕೆಲಸ ಬೇರೆಯವರಿಗೆ ಕೊಟ್ಟೆ ಅಂತ ಹೊಟ್ಟೆಕಿಚ್ಚು. ನಿನ್ನೆ ನಮ್ಮಲ್ಲಿ ಬಿಟ್ಟಿದ್ದ ಏಣಿ ತಗೊಂಡು ಹೋಗ್ತೀನಿ ಅಂತ ಬಂದಿದ್ರು. ಗೇಟ್ ಪುಸ್ತಕ ನೋಡಿ, ಒಳಗೆ 3-20, ಹೊರಗೆ 3-50."

10-50ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ ವೈರಿಂಗ್ ಮೇಷ್ಟ್ರ ಹೆಸರು ಬಿತ್ತು.

12-30ಕ್ಕೆ ಮೇಷ್ಟ್ರು ಠಾಣೆಗೆ ಬಂದರು. ಐವತ್ತು ದಾಟಿದ ತೆಳ್ಳನೆಯ ಮನುಷ್ಯ. ಹೆಗಲಲ್ಲಿ ಕ್ಯಾನ್‌ವಾಸ್ ಚೀಲ. ಕೂರಲು ಹೇಳಿದರೂ ಕೂರಲಿಲ್ಲ.

"ನೀವು ಕತ್ತರಿಸಿದ್ರಾ?"

"ಇಲ್ಲ ಸಾರ್."

"ಮತ್ತೆ ಯಾರು?"

"ಗೊತ್ತಿಲ್ಲ ಸಾರ್. ಆದ್ರೆ ಒಂದು ಮಾತು. ನಾನು ನಾಳಿದ್ದು ಶುಕ್ರವಾರ ನೀರು ಶುದ್ಧಿ ಮಾಡೋ ಘಟಕದಲ್ಲಿ ಕೆಲಸ ಶುರು ಮಾಡ್ಬೇಕು. ನನ್ನ ಮೇಲೆ ಕೇಸಿಲ್ಲ ಅಂತ ನಿಮ್ಮ ಠಾಣೆಯಿಂದಲೇ ಪತ್ರ ಹೋಗ್ಬೇಕು. ಮಧ್ಯಾಹ್ನದೊಳಗೆ ಹೋಗ್ಲಿಲ್ಲ ಅಂದ್ರೆ ಕೆಲಸ ಕೈಬಿಟ್ಟ ಹಾಗೆ. ಅದು ಹೋದ್ರೆ ಹೋಗ್ಲಿ..." ಅವರು ಚೀಲದ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಂಡರು. "ನಮ್ಮ ಕಸುಬಲ್ಲಿ ಪ್ಯಾನೆಲ್ ಬಾಗಿಲು ತೆಗೆಯೋಕೆ ಬಿಡೋದೇ ನಂಬಿಕೆ ಮೇಲೆ ಸಾರ್. ಕೈ ಶುದ್ಧ ಇಲ್ಲ ಅಂತ ಒಂದ್ಸಲ ಅನ್ನಿಸ್ಕೊಂಡ್ರೆ ಯಾವ ಫ್ಯಾಕ್ಟರಿಯವರೂ ಗೇಟಿನ ಹತ್ತಿರಕ್ಕೂ ಸೇರಿಸಲ್ಲ."

ಸಾಹೇಬರಿಗೆ ಹೊಸ ಕುರ್ಚಿ ಸ್ವಲ್ಪ ಚುಚ್ಚಿದಂತಾಯಿತು. ಆದರೂ ನಿಯಮ ನಿಯಮವೇ. ಇಬ್ಬರು ಪಂಚರ ಮುಂದೆ ಚೀಲ ಬಿಚ್ಚಿಸಿ ಪಂಚನಾಮೆ ಬರೆಸಿದರು. ವೈರ್ ಕಟ್ಟರ್ ಒಂದು, ಸ್ಕ್ರೂಡ್ರೈವರ್ ಆರು, ಮೀಟರ್ ಒಂದು, ಕಪ್ಪು ಇನ್ಸುಲೇಷನ್ ಟೇಪ್ ಎರಡು ಸುರುಳಿ. ಚೀಲದ ತಳದಲ್ಲಿ ಕಪ್ಪು ಬಣ್ಣದ ದುಂಡನೆಯ ನಾಬ್ ಒಂದು ಸಿಕ್ಕಿತು. ಸುತ್ತ ಒಂದರಿಂದ ಹತ್ತರವರೆಗೆ ಅಂಕಿ. ದಾರದಲ್ಲಿ ಕಟ್ಟಿದ ಚೀಟಿಯ ಮೇಲೆ, 'ಸೋಪ್, ಪ್ಯಾಕಿಂಗ್ ಲೈನ್ 1.'

"ಇದೇನು ಮೇಷ್ಟ್ರೇ?"

"ಹಳೇ ಸ್ಪೀಡ್ ನಾಬ್ ಸಾರ್. ಇದನ್ನ ತಿರುಗಿಸಿ ಬೆಲ್ಟಿನ ವೇಗ ಏರಿಸೋದು, ಇಳಿಸೋದು. ಪ್ಯಾನೆಲ್ ಬಂದ ಮೇಲೆ ಸ್ಪೀಡೆಲ್ಲ ಪರದೆ ಮೇಲೆ, ಪಾಸ್‌ವರ್ಡ್ ಮಾಲೀಕರ ಹತ್ರ. ಇದು ಬೇಡ, ಬಿಸಾಕಿ ಅಂದ್ರು. ಬಿಚ್ಚಿದ್ದನ್ನ ಬಿಸಾಕೋ ಅಭ್ಯಾಸ ನನಗಿಲ್ಲ. ಚೀಟಿ ಕಟ್ಟಿ ಇಟ್ಕೊತೀನಿ."

ಟೆಸ್ಟರ್ ಅದನ್ನೂ ಬರೆದುಕೊಂಡ. ಕ್ರಮಸಂಖ್ಯೆ 11, ನಾಬ್ ಒಂದು.

ಅದೇ ದಿನ 2-45ಕ್ಕೆ ಸಾಹೇಬರು, ಟೆಸ್ಟರ್ ಮತ್ತು ಮಹಿಳಾ ಕಾನ್‌ಸ್ಟೇಬಲ್ ಫ್ಯಾಕ್ಟರಿ ತಲುಪಿದರು. ಪ್ಯಾಕಿಂಗ್ ಹಾಲ್ ತುಂಬಾ ಸೋಪಿನ ಘಮ. ಒಳಗೆ ಕಾಲಿಟ್ಟವರಿಗೆ ತಾವೇ ಆಗಷ್ಟೇ ಸ್ನಾನ ಮಾಡಿ ಬಂದಂತಾಗಬೇಕು. ಹೊಸ ಕೇಬಲ್ ಹಾಕಿ ಲೈನ್ ಓಡಿಸುತ್ತಿದ್ದರು. ಬೆಲ್ಟಿನ ಎರಡೂ ಬದಿಗೆ ಹನ್ನೆರಡು ಹೆಂಗಸರು ನಿಂತಿದ್ದರು. ಸೋಪು ಎತ್ತು, ಡಬ್ಬಿಗೆ ತುಂಬು, ಮುಚ್ಚು, ಟೇಪ್ ಹಚ್ಚು, ಮತ್ತೆ ಎತ್ತು. ಒಬ್ಬರೂ ತಲೆ ಎತ್ತಿ ನೋಡಲಿಲ್ಲ. ಪೊಲೀಸರು ಬಂದರೂ ತಲೆ ಎತ್ತದವರನ್ನು ಸಾಹೇಬರು ತಮ್ಮ ಸರ್ವಿಸ್‌ನಲ್ಲಿ ಮೊದಲ ಸಲ ಕಂಡದ್ದು.

ಟೆಸ್ಟರ್ ಪ್ಯಾನೆಲ್ಲಿನ ಮುಂದೆ ನಿಂತು ಒಂದೊಂದೇ ಪರದೆ ಬದಲಾಯಿಸಿದ. ತೊಂದರೆಗಳ ಪಟ್ಟಿಯಲ್ಲಿ ಎಲ್ಲವೂ ಇತ್ತು. ದಿನಾ ಒಂದು ಸಲ ಸಂಪರ್ಕ ಇಲ್ಲ. ನಿನ್ನೆಯದು 3-40. ಆಮೇಲೆ ಅವನು ತನ್ನ ಕೈಗಡಿಯಾರ ನೋಡಿದ, ಪರದೆಯ ಮೂಲೆ ನೋಡಿದ, ಮತ್ತೆ ಕೈಗಡಿಯಾರ ನೋಡಿದ. ಬಾಯಿ ಕಿವಿಯವರೆಗೆ ಹರಿಯಿತು.

"ಸಾರ್, ಈಗ ಟೈಮೆಷ್ಟು?"

"ಮೂರು ಗಂಟೆ ಐದು ನಿಮಿಷ."

"ಪ್ಯಾನೆಲ್ಲಲ್ಲಿ 2-40. ಇಪ್ಪತ್ತೈದು ನಿಮಿಷ ಹಿಂದೆ ಇದೆ. ಜೋಡಿಸುವಾಗ ಗಡಿಯಾರ ಸರಿ ಮಾಡೋದು ಮರೆತಿದ್ದಾರೆ."

ಹಾಗಾದರೆ ಕೇಬಲ್ ಕತ್ತರಿಸಿದ್ದು 4-05ಕ್ಕೆ. ಮೇಷ್ಟ್ರು ಗೇಟ್ ದಾಟಿ ಆಗಲೇ ಕಾಲು ಗಂಟೆ. ಸಾಹೇಬರು ಗೇಟಿನ ಕಾವಲುಗಾರನನ್ನು ಕರೆಸಿದರು.

"ನಿನ್ನೆ ಲೈನ್ ನಿಂತಿದ್ದು ಯಾವಾಗ?"

"ನಾನು ಡ್ಯೂಟಿಗೆ ಬರೋದೇ ನಾಲ್ಕಕ್ಕೆ ಸಾರ್. ಬಂದು ಬೂಟಿನ ಲೇಸ್ ಕಟ್ತಿದ್ದೆ, ಶಬ್ದ ನಿಂತುಹೋಯ್ತು."

"ಮೇಷ್ಟ್ರನ್ನ ನೋಡಿದ್ಯಾ?"

"ನಾನು ಬರೋವಾಗ ಅವರು ಏಣಿ ಹೊತ್ಕೊಂಡು ರಸ್ತೆ ತಿರುವಲ್ಲಿ ಹೋಗ್ತಿದ್ರು. ನಮಸ್ಕಾರನೂ ಹೇಳಿದ್ರು."

ಮಾಲೀಕರ ಮುಖ ಇಂಗು ತಿಂದ ಮಂಗನಂತಾಯಿತು. "ಹಾಗಾದ್ರೆ ಯಾರು ಸಾರ್?"

ಸಾಹೇಬರು ಕತ್ತರಿಸಿದ ಕೇಬಲ್ ತರಿಸಿ ಮೇಜಿನ ಮೇಲೆ ಇಡಿಸಿದರು. ಗಾಯದ ಎರಡೂ ತುದಿಗೆ ಕಂದು ಬಣ್ಣದ ಟೇಪ್ ಸುತ್ತಿತ್ತು.

"ಈ ಟೇಪ್ ಯಾರು ಸುತ್ತಿದ್ದು?"

"ನಾವು ನೋಡುವಾಗಲೇ ಸುತ್ತಿತ್ತು ಸಾರ್."

"ಕತ್ತರಿಸಿದವರೇ ಬ್ಯಾಂಡೇಜೂ ಹಾಕಿದ್ದಾರೆ!" ಎಂದರು ಸಾಹೇಬರು. "ಯಾಕಯ್ಯಾ ಟೆಸ್ಟರ್?"

ಟೆಸ್ಟರ್ ತಲೆ ಕೆರೆದುಕೊಂಡ. "ಮುಟ್ಟಿದವರಿಗೆ ಶಾಕ್ ಹೊಡೀಬಾರದು ಅಂತ ಇರ್ಬೇಕು. ಆದ್ರೆ ಸಾರ್, ಈ ಕೇಬಲ್ಲಲ್ಲಿ ಮಾತು ಮಾತ್ರ ಹೋಗೋದು. ನಾಲಿಗೆ ಮೇಲಿಟ್ಟರೂ ಶಾಕ್ ಹೊಡೆಯಲ್ಲ. ವೈರಿಂಗ್ ಗೊತ್ತಿರೋರು ಯಾರೂ ಇದಕ್ಕೆ ಟೇಪ್ ಸುತ್ತೋಕೆ ಹೋಗಲ್ಲ. ಸುತ್ತಿದ್ರೂ ಕಪ್ಪು ಟೇಪ್ ಸುತ್ತುತ್ತಾರೆ. ಇದು ಡಬ್ಬಿಗೆ ಹಚ್ಚೋ ಟೇಪು."

ಸಾಹೇಬರು ಕನ್ನಡಕ ಏರಿಸಿ ಬಗ್ಗಿದರು. ಟೇಪಿನ ಕೊನೆಯನ್ನು ಒಂದು ಬೆರಳಿನಗಲ ಒಳಕ್ಕೆ ಮಡಚಿ ಅಂಟಿಸಿದ್ದರು. ಎರಡೂ ತುದಿಗೆ ಅಚ್ಚುಕಟ್ಟಾಗಿ, ಒಂದೇ ಅಳತೆ. ಅವರಿಗೆ ಒಳಗೊಳಗೇ ಸಂತೋಷ ಉಕ್ಕಿತು, ಅದರ ಬೆನ್ನಿಗೇ ಏನೋ ಸಂಕಟವೂ ಆಯಿತು. ಕರೆಂಟೆಂದರೆ ಏನೂ ತಿಳಿಯದ, ಆದರೆ ಇನ್ನೊಬ್ಬರಿಗೆ ಪೆಟ್ಟಾದೀತೆಂದು ಹೆದರುವ ಕೈ ಅದು. ಇಂಥ ಕೈಗೆ ಬೇಡಿ ಹಾಕುವುದು ಯಾರಿಗೆ ತಾನೇ ಇಷ್ಟ?

"ಲೈನ್ ನಿಲ್ಲಿಸಿ" ಎಂದರು.

ಮಾಲೀಕರು ಪಾಸ್‌ವರ್ಡ್ ಒತ್ತಿ ನಿಲ್ಲಿಸಿದರು. ಬೆಲ್ಟ್ ನಿಂತದ್ದೇ ತಡ, ಹನ್ನೆರಡು ಜನರೂ ಒಟ್ಟಿಗೆ ಉಸಿರು ಬಿಟ್ಟರು. ತುಂಬು ಹೊಟ್ಟೆಯ ಹುಡುಗಿಯೊಬ್ಬಳು ಯಾರನ್ನೂ ಕೇಳದೆ ಬಿರಬಿರನೆ ಹಿಂಬಾಗಿಲ ಕಡೆ ಹೋದಳು. ಮಹಿಳಾ ಕಾನ್‌ಸ್ಟೇಬಲ್ ಅದನ್ನು ಗಮನಿಸಿದಳು.

ಸಾಹೇಬರು ಮೊದಲನೆಯವಳ ಮುಂದೆ ಖಾಲಿ ಡಬ್ಬಿ ಇಟ್ಟರು. "ಇದಕ್ಕೊಂದು ಟೇಪ್ ಹಚ್ಚಮ್ಮ."

ಅವಳು ಹಚ್ಚಿ ತುದಿ ಮಡಚಿದಳು. ಎರಡನೆಯವಳೂ ಮಡಚಿದಳು, ಮೂರನೆಯವಳೂ ಅಷ್ಟೇ.

"ಯಾಕೆ ಮಡಚ್ತೀರಿ?"

"ಮುಂದೆ ಬಿಚ್ಚೋರಿಗೆ ಸುಲಭ ಆಗ್ಲಿ ಅಂತ ಸಾರ್. ದೊಡ್ಡಕ್ಕ ಕಲಿಸಿದ್ದು."

ಹೇಳಿದವಳು ಥಟ್ಟನೆ ನಾಲಿಗೆ ಕಚ್ಚಿಕೊಂಡಳು. ಬೆಲ್ಟಿನ ಕೊನೆಯಲ್ಲಿ, ಪ್ಯಾನೆಲ್ಲಿನ ಪಕ್ಕದಲ್ಲೇ, ನರೆಗೂದಲಿನ ಹೆಂಗಸೊಬ್ಬಳು ನಿಂತಿದ್ದಳು. ಮೂವತ್ತು ವರ್ಷದಿಂದ ಅದೇ ಜಾಗ. ಇಡೀ ಲೈನಿಗೆ ದೊಡ್ಡಕ್ಕ. ಅವಳ ಸೊಂಟದ ದಾರದಲ್ಲಿ ಟೇಪ್ ಕತ್ತರಿಸುವ ಕತ್ತರಿ ತೂಗುತ್ತಿತ್ತು.

ಸಾಹೇಬರು ಅವಳ ಕಡೆ ನೋಡದೆ ಎಲ್ಲರಿಗೂ ಕೇಳುವಂತೆ ಹೇಳಿದರು. "ನೋಡ್ರಮ್ಮಾ, ಕೇಬಲ್ ಕತ್ತರಿಸಿದ್ದಕ್ಕೆ ಕೇಸ್ ಬಿದ್ದಿರೋದು ವೈರಿಂಗ್ ಮೇಷ್ಟ್ರ ಮೇಲೆ. ಶುಕ್ರವಾರದೊಳಗೆ ಸತ್ಯ ಹೊರಗೆ ಬರ್ಲಿಲ್ಲ ಅಂದ್ರೆ ಅವರ ಕೆಲಸ ಹೋಗುತ್ತೆ. ಹೆಸರೂ ಹೋಗುತ್ತೆ."

ದೊಡ್ಡಕ್ಕನ ಮುಖ ಬಿಳಿಚಿಕೊಂಡಿತು. "ಅಯ್ಯೋ ದೇವರೇ! ಅವರ ಮೇಲಾ? ಅವರು ಪಾಪ, ಏಣಿ ತಗೊಂಡು ಹೋಗೋಕೆ ಬಂದಿದ್ರು..." ಕತ್ತರಿ ಬಿಚ್ಚಿ ಮೇಜಿನ ಮೇಲಿಟ್ಟಳು. "ನಾನೇ ಸಾರ್. ದಿನಾ ಪ್ಲಗ್ ಕೀಳ್ತಿದ್ದವಳೂ ನಾನೇ. ಡಬ್ಬಿಗೆ ಬೀಗ ಬಿದ್ದ ಮೇಲೆ ಕತ್ತರಿಸಿದವಳೂ ನಾನೇ."

3-50ಕ್ಕೆ ಪಂಚರ ಸಮಕ್ಷಮ ಕತ್ತರಿ ಮತ್ತು ಟೇಪಿನ ತುಂಡು ವಶಪಡಿಸಿಕೊಳ್ಳಲಾಯಿತು. 4-20ಕ್ಕೆ ಮಹಿಳಾ ಕಾನ್‌ಸ್ಟೇಬಲ್ ದೊಡ್ಡಕ್ಕನನ್ನು ಬಂಧಿಸಿದಳು. ಹೊರಡುವಾಗ ದೊಡ್ಡಕ್ಕ ತಿರುಗಿ, "ಆ ಹುಡುಗಿ ಬಂದಳೇನ್ರೇ?" ಎಂದು ಕೇಳಿದಳು. ಬಂದಳೆಂದ ಮೇಲೆಯೇ ಜೀಪು ಹತ್ತಿದಳು.

ಠಾಣೆಯಲ್ಲಿ ಸಾಹೇಬರು ಅವಳನ್ನು ಹೊಸ ಕುರ್ಚಿಯಲ್ಲಿ ಕೂರಿಸಿ, ತಾವು ಹಳೆಯದರಲ್ಲಿ ಕೂತು ಹೇಳಿಕೆ ಬರೆದುಕೊಂಡರು. ಮಾಲೀಕರು ಗೋಡೆಗೆ ಒರಗಿ ನಿಂತಿದ್ದರು. ಚೀಲ ವಾಪಸ್ ಪಡೆಯಲು ಬಂದ ಮೇಷ್ಟ್ರು ಬಾಗಿಲಲ್ಲೇ ಇದ್ದರು.

"ಯಾಕೆ ಹೀಗೆ ಮಾಡಿದೆ ದೊಡ್ಡಕ್ಕಾ?"

"ಮೊದಲು ನನ್ನ ಪಕ್ಕ ಒಂದು ನಾಬ್ ಇತ್ತು ಸಾರ್. ಯಾರಾದ್ರೂ ಬಾತ್‌ರೂಮಿಗೆ ಹೋಗ್ಬೇಕು ಅಂದ್ರೆ ಎಂಟರಿಂದ ಆರಕ್ಕೆ ಇಳಿಸ್ತಿದ್ದೆ. ಹನ್ನೊಂದು ಜನ ಸೇರಿ ಅವಳ ಕೆಲಸ ನೋಡ್ಕೊತಿದ್ವಿ. ಬಂದ ಮೇಲೆ ಒಂಬತ್ತಕ್ಕೆ ಏರಿಸ್ತಿದ್ದೆ. ಸಂಜೆಗೆ ಒಂದು ಡಬ್ಬಿನೂ ಕಮ್ಮಿ ಬೀಳ್ತಿರಲಿಲ್ಲ. ಪ್ಯಾನೆಲ್ ಬಂತು, ನಾಬ್ ಹೋಯ್ತು. ಆ ಹುಡುಗಿಗೆ ಏಳು ತಿಂಗಳು. ಮೊದಲ ದಿನ ಎರಡು ಸಲ ಸೂಪರ್‌ವೈಸರನ್ನ ಕೇಳಿದ್ಲು, ಸ್ವಲ್ಪ ತಡಿ ಅಂದ್ರು. ಬೆಲ್ಟ್ ಬಿಟ್ಟು ಹೋಗೋ ಹಾಗಿಲ್ಲ. ನಿಂತಲ್ಲೇ, ಎಲ್ಲರ ಮುಂದೆ, ಬಟ್ಟೆ ಒದ್ದೆ ಮಾಡ್ಕೊಂಡ್ಲು ಸಾರ್. ಅತ್ಕೊಂಡೇ ಸೋಪ್ ತುಂಬಿಸಿದ್ಲು."

ಸಾಹೇಬರ ಪೆನ್ನು ನಿಂತಿತು.

"ಮಾರನೇ ದಿನ ನೆಲಕ್ಕೆ ಬಿದ್ದ ಸೋಪ್ ಎತ್ತುವಾಗ ಆ ವೈರಿನ ಪ್ಲಗ್ ಕೈಗೆ ತಾಗಿ ಕಳಚ್ಕೊಳ್ತು. ಲೈನ್ ನಿಂತುಬಿಡ್ತು. ಎಲ್ಲರೂ ಹೋಗಿ ಬಂದ್ರು. ಆಮೇಲೆ ದಿನಾ ನಾನೇ ತಾಗಿಸ್ತಿದ್ದೆ."

"ನನಗೆ ಯಾರೂ ಹೇಳಲೇ ಇಲ್ಲ" ಎಂದರು ಮಾಲೀಕರು ಮೆಲ್ಲಗೆ.

"ನಿಮ್ಮ ಗಾಜಿನ ರೂಮಿಗೆ ಬಂದು ಹೇಳ್ಬೇಕು ಅಂದ್ರೆ ಬೆಲ್ಟ್ ಬಿಡ್ಬೇಕಲ್ಲ ಸ್ವಾಮಿ."

ಬಾಗಿಲಲ್ಲಿದ್ದ ಮೇಷ್ಟ್ರು ಒಳಗೆ ಬಂದರು. ಪಂಚನಾಮೆಯ ಕ್ರಮಸಂಖ್ಯೆ 11ನ್ನು ಸಾಮಾನುಗಳ ನಡುವಿನಿಂದ ಎತ್ತಿ ಅಂಗೈಯಲ್ಲಿಟ್ಟುಕೊಂಡರು.

"ಇದನ್ನ ಬಿಚ್ಚಿದ್ದು ನಾನೇ ಅಕ್ಕಾ. ಸಂಪರ್ಕ ತಪ್ಪಿದ್ರೆ ಯಾರಿಗೂ ಪೆಟ್ಟಾಗ್ದೆ ಲೈನ್ ನಿಲ್ಲಲಿ ಅಂತ ಹೊಂದಿಸಿದವನೂ ನಾನೇ. ಇಷ್ಟೆಲ್ಲ ಯೋಚನೆ ಮಾಡಿದವನು ಈ ನಾಬ್ ಯಾರು ತಿರುಗಿಸ್ತಾರೆ, ಯಾಕೆ ತಿರುಗಿಸ್ತಾರೆ ಅಂತ ಒಂದು ಮಾತು ಕೇಳಲಿಲ್ಲ ನೋಡಿ."

"ನನ್ನಿಂದ ನಿಮಗೆ ಕೆಟ್ಟ ಹೆಸರು ಬರೋ ಹಾಗಾಯ್ತಲ್ಲಪ್ಪಾ" ಎಂದು ದೊಡ್ಡಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಾಳೆ ಬೆಳಿಗ್ಗೆನೇ ಅದನ್ನ ಮತ್ತೆ ಜೋಡಿಸಿಕೊಡ್ತೀರಾ ಮೇಷ್ಟ್ರೇ?" ಎಂದು ಕೇಳಿದವರು ಮಾಲೀಕರು. ತಮ್ಮ ದೂರಿನ ಎರಡು ಪುಟವನ್ನು ನಾಲ್ಕಾಗಿ, ಎಂಟಾಗಿ ಮಡಚುತ್ತಿದ್ದರು. "ಸಾರ್, ಈ ಕೇಸು ವಾಪಸ್..."

"ಅದನ್ನ ಕೋರ್ಟಲ್ಲಿ ರಾಜಿ ಮಾಡ್ಕೊಳ್ಳಿ. ನನ್ನ ಕೈ ದಾಟಿದೆ" ಎಂದರು ಸಾಹೇಬರು, ಮನಸ್ಸು ಹಗುರಾಗಿ. "ಠಾಣೆ ಜಾಮೀನು ಕೊಡೋದು ಮಾತ್ರ ನನ್ನ ಕೈಲಿದೆ. ಯಾರಾದ್ರೂ ಒಬ್ಬರು ಜಾಮೀನುದಾರರು ಬೇಕು."

ಮಾಲೀಕರು ಮುಂದೆ ಬರುವಷ್ಟರಲ್ಲಿ ಮೇಷ್ಟ್ರು ಪೆನ್ನು ಎತ್ತಿಕೊಂಡಿದ್ದರು. ನಮೂನೆಯಲ್ಲಿ ಆರೋಪಿಗೂ ಜಾಮೀನುದಾರರಿಗೂ ಏನು ಸಂಬಂಧ ಎಂಬ ಸಾಲಿಗೆ ಬಂದಾಗ ಕೈ ನಿಂತಿತು. ನಂಟರಲ್ಲ, ನೆರೆಯವರಲ್ಲ. ಒಂದು ಗಳಿಗೆ ಯೋಚಿಸಿ, ಪ್ಯಾನೆಲ್ಲಿನ ಚೀಟಿಗಳಿಗೆ ಬರೆಯುವ ಅದೇ ದುಂಡು ಅಕ್ಷರದಲ್ಲಿ 'ಒಂದೇ ಲೈನಿನ ಕೆಲಸಗಾರರು' ಎಂದು ಬರೆದು ಸಹಿ ಹಾಕಿದರು.

ಸಮಯ ಸಂಜೆ 6-10. ಮೇಷ್ಟ್ರ ಮೇಲೆ ಆರೋಪವಿಲ್ಲವೆಂಬ ವರದಿಯನ್ನೂ, ನೀರಿನ ಘಟಕಕ್ಕೆ ಹೋಗಬೇಕಾದ ಪತ್ರವನ್ನೂ ಸಾಹೇಬರು ಆಗಲೇ ಟೈಪ್ ಮಾಡಿಸಿ ಲಕೋಟೆಗೆ ಹಾಕಿದರು. ಅಂಟಿಸಲು ಟೆಸ್ಟರ್ ಟೇಪ್ ತಂದುಕೊಟ್ಟ. ಸಾಹೇಬರು ಅದನ್ನು ಹಚ್ಚಿ, ಸ್ವಲ್ಪ ತಡೆದು, ತುದಿಯನ್ನು ಒಂದು ಬೆರಳಿನಗಲ ಮಡಚಿದರು.